ಚೌಕಿಮನೆ ಮಾರಾಟಕ್ಕಿದೆ: ಜಾಗದ ಲೆಕ್ಕವೋ, ಮರದ ಲೆಕ್ಕವೋ, ಮನೆಯ ಲೆಕ್ಕವೋ?

ಪ್ರಶ್ನೆ: ಸಾಗರ ಸೀಮೆಯ ಒಂದು ಸಣ್ಣ ಪೇಟೆಯಲ್ಲಿ ಮುತ್ತಜ್ಜ ಕಟ್ಟಿಸಿದ, ನಡುವೆ ತೆರೆದ ಅಂಗಳವಿರುವ ಚೌಕಿಮನೆ ನಮ್ಮದು. ನೂರಿಪ್ಪತ್ತು ವರ್ಷ ಹಳೆಯದು ಅಂತ ಮನೆಯಲ್ಲಿ ಹೇಳುತ್ತಾರೆ. ಮನೆಯೂ ಸೇರಿ 12 ಗುಂಟೆ ಹಿತ್ತಲು. ಅಜ್ಜ 1971ರಲ್ಲಿ ತೀರಿಕೊಂಡರು, ಅಪ್ಪ ನಾಲ್ಕು ವರ್ಷದ ಹಿಂದೆ. ಇಬ್ಬರೂ ಉಯಿಲು ಬರೆದಿಲ್ಲ, ಪಾಲೂ ಆಗಿಲ್ಲ, ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇದೆ. ಅಮ್ಮ ನನ್ನ ಜೊತೆ ಬೆಂಗಳೂರಿನಲ್ಲಿದ್ದಾರೆ. ನಾವು ಮೂವರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ತಮ್ಮ ಅಮೆರಿಕದಲ್ಲಿ. ಸೋದರತ್ತೆಯರು ಇಬ್ಬರು. ದೊಡ್ಡತ್ತೆ ಈಗಿಲ್ಲ, ಅವರಿಗೆ ಮೂವರು ಮಕ್ಕಳು. ಮೂರು ವರ್ಷದಿಂದ ಮನೆ ಖಾಲಿ, ಪಕ್ಕದ ಮನೆಯವರು ಸಂಜೆ ದೀಪ ಹಚ್ಚಿ ಹೋಗುತ್ತಾರೆ. ಮೂರು ಗಿರಾಕಿ ಬಂದಿದ್ದಾರೆ. ಒಬ್ಬರಿಗೆ ಜಾಗ ಬೇಕು, ಒಬ್ಬ ಹಳೆ ಮರದ ವ್ಯಾಪಾರಿ, ಇನ್ನೊಂದು ಬೆಂಗಳೂರಿನ ದಂಪತಿ. ದಂಪತಿಗೆ ಮನೆ ಮನೆಯಾಗಿಯೇ ಬೇಕಂತೆ, ಆದರೆ 'ಮೊದಲು ಕಾಗದಪತ್ರ ಸರಿ ಮಾಡಿಸಿ' ಎಂದು ಹೋದವರು ಮತ್ತೆ ಮಾತಾಡಿಲ್ಲ. ಈ ನಡುವೆ ಅಣ್ಣ ಜಾಗದವರಿಂದ 1 ಲಕ್ಷ ರೂಪಾಯಿ ಮುಂಗಡ ನಗದಾಗಿ ತೆಗೆದುಕೊಂಡು ಬಿಳಿ ಹಾಳೆಗೆ ಸಹಿ ಹಾಕಿದ್ದಾನೆ. ಬೆಲೆ ಹೇಗೆ ಕಟ್ಟಬೇಕು? ಯಾರ ಯಾರ ಸಹಿ ಬೇಕು? ಕೆಡವಬಾರದು ಎಂದು ಕ್ರಯಪತ್ರದಲ್ಲೇ ಬರೆಸಬಹುದೇ? ಮಾರುವ ಮೊದಲು ಸುಣ್ಣಬಣ್ಣ ಮಾಡಿಸಬೇಕೇ? ಇಷ್ಟಕ್ಕೂ, ಇಂಥ ಮನೆ ಮಾರುವುದು ಸರಿಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮಾರುವುದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ಮಾರದೆ, ಇರದೆ, ಬೀಗ ಹಾಕಿಟ್ಟು ಸೋರಲು ಬಿಡುವುದರಲ್ಲಿ. ಜನ ಇರುವ ಮನೆಯಲ್ಲಿ ಒಂದು ಹೆಂಚು ಜಾರಿದರೆ ಅದೇ ಸಂಜೆ ಯಾರದೋ ತಲೆ ಮೇಲೆ ನೀರು ಬಿದ್ದು ಗೊತ್ತಾಗುತ್ತದೆ. ಒಲೆ ಉರಿಯುವ ಮನೆಯ ಅಟ್ಟ ಒಣಗಿರುತ್ತದೆ. ಖಾಲಿ ಮನೆಯಲ್ಲಿ ಅದೇ ಹೆಂಚು ಜೂನ್‌ನಲ್ಲಿ ಜಾರಿದರೆ ತಿಳಿಯುವುದು ದೀಪಾವಳಿಗೆ ಬಂದಾಗ. ಅಷ್ಟರಲ್ಲಿ ಮಾಡಿನ ಇಳಿಜಾರು ಮರವಾದ ಪಕಾಸಿಯ ತುದಿ ಮೆತ್ತಗಾಗಿ, ಮಣ್ಣಿನ ಗೋಡೆಯ ತಲೆ ಕರಗಿ, ಒರಲೆ ಮೇಲಕ್ಕೆ ಹತ್ತಿರುತ್ತದೆ. ನಿಮ್ಮ ಮನೆ ಇಂಥ ಮೂರು ಮಳೆಗಾಲ ಕಂಡಾಗಿದೆ.

ಈಗ ಬೆಲೆಯ ಮಾತು. ನಿಮ್ಮ ಬಾಗಿಲಿಗೆ ಬಂದ ಮೂವರೂ ನೋಡುತ್ತಿರುವುದು ಒಂದೇ ಮನೆಯನ್ನಲ್ಲ. ಜಾಗದವರಿಗೆ ಕಾಣುವುದು 12 ಗುಂಟೆ, ಅಂದರೆ 13,068 ಚದರಡಿ. ಮೇಲಿರುವ ಮನೆ ಅವರಿಗೆ ತೆರವು ಮಾಡಬೇಕಾದ ಕಸ, ಅದರ ಖರ್ಚನ್ನೂ ಬೆಲೆಯಲ್ಲಿ ಮುರಿದುಕೊಳ್ಳುತ್ತಾರೆ. ಮರದವರಿಗೆ ಕಾಣುವುದು ಘನ ಅಡಿ. ದಂಪತಿಗೆ ಮಾತ್ರ ಮನೆ ಕಾಣುತ್ತದೆ. ಮೊದಲಿನ ಇಬ್ಬರು ಇವತ್ತೇ ದುಡ್ಡು ಎಣಿಸಲು ತಯಾರಿರುತ್ತಾರೆ, ಏಕೆಂದರೆ ಅವರು ಕೊಳ್ಳುತ್ತಿರುವುದು ಸೋರಿದರೂ ಕುಸಿದರೂ ಬೆಲೆ ಇಳಿಯದ ವಸ್ತು. ಮನೆ ಕೊಳ್ಳುವವರು ಹಾಗಲ್ಲ. ಅವರು ಹಿಂದೇಟು ಹಾಕುವುದಕ್ಕೆ ಕಾರಣ ಎರಡೇ: ಸಹಿ ಮತ್ತು ಸೂರು. ಇವೆರಡನ್ನು ಸರಿಮಾಡದೆ ಮನೆಯ ಬೆಲೆ ಕೇಳಿದರೆ ಯಾರೂ ಕೊಡುವುದಿಲ್ಲ, ಕೊನೆಗೆ ಬೇಸತ್ತು ಜಾಗದ ಬೆಲೆಗೋ ಮರದ ಬೆಲೆಗೋ ಕೊಟ್ಟುಬಿಡುತ್ತೀರಿ. ನನ್ನ ಅನುಭವದಲ್ಲಿ ಹಳೆ ಮನೆಗಳು ನೆಲಕ್ಕುರುಳುವುದು ಹೆಚ್ಚಾಗಿ ಹೀಗೇ. ಯಾರೂ ಬೇಕೆಂದು ಕೆಡವುವುದಿಲ್ಲ, ಸುಸ್ತಾಗಿ ಕೆಡವುತ್ತಾರೆ.

ಮರದ ವ್ಯಾಪಾರಿ ಬಂದಾಗ ಏನು ಮಾಡುತ್ತಾರೆ ಗಮನಿಸಿದ್ದೀರಾ? ನೇರ ಒಳ ಅಂಗಳಕ್ಕೆ ಹೋಗಿ ಕಂಬದ ಬುಡಕ್ಕೆ ಚೂರಿ ಚುಚ್ಚಿ, ಗೆಣ್ಣಿನಿಂದ ಎರಡು ಸಲ ತಟ್ಟಿ, 'ಒಳಗೆಲ್ಲ ಟೊಳ್ಳು, ಒರಲೆ ತಿಂದಿದೆ' ಎಂದು ಮುಖ ಸಪ್ಪಗೆ ಮಾಡುತ್ತಾರೆ. ನೀವೂ ಒಂದು ದಪ್ಪ ದಬ್ಬಣ ತೆಗೆದುಕೊಂಡು ಅದನ್ನೇ ಮಾಡಿ. ಕಾಲಿಂಚು ಒಳಗಿಳಿದು ನಿಂತರೆ ಆ ಕೊಳೆ ಮೇಲ್ಪದರದ್ದು. ಬೆಣ್ಣೆಗೆ ಇಳಿದಂತೆ ಇಳಿದರೆ ಮಾತ್ರ ವ್ಯಾಪಾರಿ ಹೇಳಿದ್ದು ನಿಜ. ಆಮೇಲೆ ಟೇಪು ಹಿಡಿದು ಅಳೆಯಿರಿ. 8 ಅಡಿ ಎತ್ತರ, 9 ಇಂಚು ಚೌಕದ ಕಂಬವೆಂದರೆ ನಾಲ್ಕೂವರೆ ಘನ ಅಡಿ. 12 ಅಡಿ ಉದ್ದ, 8 ಇಂಚು ಚೌಕದ ತೊಲೆ ಐದೂಕಾಲು ಘನ ಅಡಿಗೆ ತುಸು ಮೇಲೆ. ಹೀಗೆ ಕಂಬ, ತೊಲೆ, ಜಂತೆ, ಬಾಗಿಲುವಾಡ, ಅಟ್ಟದ ಹಲಗೆ ಎಲ್ಲ ಬರೆದು ಕೂಡಿಸಿ. ಯಾವುದು ಬೀಟೆ, ಯಾವುದು ತೇಗ, ಯಾವುದು ಹಲಸು, ಹೊನ್ನೆ, ಮತ್ತಿ ಎಂದು ಊರಿನ ಹಳೆ ಬಡಗಿಯೊಬ್ಬರನ್ನು ಕರೆಸಿ ಗುರುತು ಹಾಕಿಸಿ. ಒಂದು ದಿನದ ಕೆಲಸ. ಈ ಪಟ್ಟಿ ಕೈಯಲ್ಲಿದ್ದರೆ ಮಾತಿನ ಧಾಟಿಯೇ ಬದಲಾಗುತ್ತದೆ. ಒಂದು ಮಾತು ನೆನಪಿಡಿ: ವ್ಯಾಪಾರಿ ಘನ ಅಡಿ ಲೆಕ್ಕದಲ್ಲಿ ಒಯ್ಯುವ ಕೆತ್ತನೆಯ ಕಂಬ ನಗರದ ಅಂಗಡಿಯಲ್ಲಿ ಬೋದಿಗೆಯ (ಕಂಬದ ತಲೆಯ ಮೇಲಿನ ಮರ) ಸಮೇತ 'ಹಳೆಯ ಕಂಬ' ಎಂದು ಜೋಡಿಯ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಆ ವ್ಯತ್ಯಾಸವೇ ಅವರ ಲಾಭ. ಬಿಚ್ಚಿದ ಮನೆಯ ಬೀಟೆ, ತೇಗ ಸಾಗಿಸಲೂ ಅರಣ್ಯ ಇಲಾಖೆಯ ರಹದಾರಿ ಬೇಕು. 'ಅದೆಲ್ಲ ನಾವು ನೋಡಿಕೊಳ್ಳುತ್ತೇವೆ' ಎನ್ನುವವರ ಲಾರಿ ಗೇಟಿನಲ್ಲಿ ನಿಂತರೆ ಮರ ಯಾರ ಮನೆಯದು ಎಂದು ಕೇಳಿಕೊಂಡು ಬರುವುದು ನಿಮ್ಮ ಹತ್ತಿರಕ್ಕೆ.

ಬಿಚ್ಚುವುದನ್ನೇ ಗೌರವದಿಂದ ಮಾಡಿದವರೂ ಇದ್ದಾರೆ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಮನೆಗಳನ್ನು ಇಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಆ ಕೆಲಸಕ್ಕೆ ವರ್ಷಗಳೇ ಹಿಡಿಯುತ್ತವೆ. ಮೂರು ದಿನದಲ್ಲಿ ಮನೆ ಬಿಚ್ಚಿ ಒಯ್ಯುತ್ತೇವೆ ಎನ್ನುವವರನ್ನು ಅವರ ಜೊತೆ ಹೋಲಿಸಬೇಡಿ.

ಇನ್ನು ಸಹಿ. ನೀವು 'ನಮ್ಮ ಮನೆ' ಎನ್ನುವಾಗ ಮನಸ್ಸಿನಲ್ಲಿರುವುದು ನಾಲ್ವರು ಒಡಹುಟ್ಟಿದವರು, ಮತ್ತೆ ಅಮ್ಮ. ಕಾನೂನಿನ ಲೆಕ್ಕ ಹಾಗಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ, ನಿಮ್ಮ ಅಜ್ಜ ತೀರಿಕೊಂಡದ್ದು 1971ರಲ್ಲಿ. ಹಾಗಾಗಿ ಆ ಕಾಯ್ದೆಯ ಮೂಲ ರೂಪದಂತೆ ನೋಡಿದರೂ ಅಜ್ಜನ ಪಾಲಿನಲ್ಲಿ ಹೆಣ್ಣುಮಕ್ಕಳಾದ ನಿಮ್ಮ ಅತ್ತೆಯರಿಗೆ ಭಾಗವಿದ್ದೇ ಇದೆ. ಮುಂದೆ 2005ರ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಕೊಟ್ಟಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಆ ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪಾಲುಪಟ್ಟಿಯೋ ಕೋರ್ಟಿನ ಡಿಕ್ರಿಯೋ ಆಗಿದ್ದರೆ ಮಾತು ಬೇರೆ. ನಿಮ್ಮಲ್ಲಿ ಯಾವುದೂ ಆಗಿಲ್ಲ. ಯಾರಿಗೆ ಎಷ್ಟು ಭಾಗ ಎಂಬ ಭಿನ್ನರಾಶಿಯನ್ನು ನಿಮ್ಮ ವಕೀಲರು ಬಿಡಿಸಲಿ. ನನಗೆ ಬೇಕಾದದ್ದು ತಲೆಯೆಣಿಕೆ: ಅಮ್ಮ, ನೀವು ನಾಲ್ವರು, ಚಿಕ್ಕತ್ತೆ, ದೊಡ್ಡತ್ತೆಯ ಮೂವರು ಮಕ್ಕಳು, ಒಟ್ಟು ಒಂಬತ್ತು ಸಹಿ. ದೊಡ್ಡತ್ತೆಯ ಗಂಡ ಇದ್ದರೆ ಹತ್ತು.

'ಅತ್ತೆ ಮದುವೆಯಲ್ಲೇ ಬಂಗಾರ ತೆಗೆದುಕೊಂಡು ಹೋಗಿದ್ದಾರೆ, ಅವರಿಗೇನು ಪಾಲು' ಎನ್ನುವ ಮಾತು ಪ್ರತಿ ಮನೆಯಲ್ಲೂ ಯಾರಾದರೊಬ್ಬರ ಬಾಯಿಂದ ಬಂದೇ ಬರುತ್ತದೆ. ಕೋರ್ಟಿನಲ್ಲಿ ಅದು ನಿಲ್ಲುವುದಿಲ್ಲ. ಬಾಯಿಮಾತಿನಲ್ಲಿ 'ನನಗೇನೂ ಬೇಡ ಮಗಾ' ಎಂದದ್ದೂ ನಿಲ್ಲುವುದಿಲ್ಲ, ಏಕೆಂದರೆ ಸ್ಥಿರಾಸ್ತಿಯ ಹಕ್ಕು ಬಿಡುವ ಪತ್ರ ನೋಂದಣಿ ಆಗಲೇಬೇಕು. ನಾನು ಕಂಡ ಒಂದು ಮನೆಯಲ್ಲಿ ಎಲ್ಲ ಮುಗಿದು, ಕೊಳ್ಳುವವರು ಡಿಮ್ಯಾಂಡ್ ಡ್ರಾಫ್ಟ್ ತೆಗೆಸಿಕೊಂಡು ಬಂದ ದಿನ, ಮೂವತ್ತು ವರ್ಷದಿಂದ ಯಾರೂ ಮಾತಾಡಿಸದ ಸೋದರತ್ತೆಯ ಮಗ ತಕರಾರು ಅರ್ಜಿ ಹಿಡಿದು ನಿಂತಿದ್ದ. ದುಡ್ಡಿಗಾಗಿ ಬಂದವನಲ್ಲ ಆತ. 'ಅಮ್ಮ ಹುಟ್ಟಿದ ಮನೆ ಮಾರುವಾಗ ನಮಗೆ ಒಂದು ಮಾತು ಹೇಳಬಾರದಿತ್ತಾ' ಎನ್ನುವುದಷ್ಟೇ ಅವನ ಸಿಟ್ಟು. ಆ ವ್ಯವಹಾರ ಮುರಿದುಬಿತ್ತು. ಹಾಗಾಗಿ ವಕೀಲರ ಹತ್ತಿರ ಹೋಗುವ ಮೊದಲು ನೀವೂ ಅಮ್ಮನೂ ಒಂದು ಭಾನುವಾರ ಚಿಕ್ಕತ್ತೆಯ ಮನೆಗೆ ಹೋಗಿ ಬನ್ನಿ. ನೋಟಿಸು ಕಳಿಸಿ ಶುರು ಮಾಡುವ ಮಾತಲ್ಲ ಇದು.

ಎಲ್ಲರಿಂದ ಮೊದಲು ಹಕ್ಕು ಬಿಡುಗಡೆ ಬರೆಸಿಕೊಂಡು ಒಬ್ಬರೇ ಮಾರುವುದು ಒಂದು ದಾರಿ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಬಿಟ್ಟುಕೊಟ್ಟವರಿಗೆ 'ಆಮೇಲೆ ಕೊಡುತ್ತೇನೆ' ಎಂದ ದುಡ್ಡು ಬಾರದೆ ಹೋದ ಕಥೆಗಳನ್ನು ಬಹಳ ಕೇಳಿದ್ದೇನೆ. ಒಂಬತ್ತು ಜನರೂ ಕ್ರಯಪತ್ರದಲ್ಲಿ ಮಾರುವವರಾಗಿ ನಿಂತು, ಅವರವರ ಪಾಲಿನ ಹಣ ಕೊಳ್ಳುವವರಿಂದ ನೇರ ಅವರವರ ಬ್ಯಾಂಕ್ ಖಾತೆಗೇ ಬರಲಿ. ಅಮೆರಿಕದ ತಮ್ಮ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ದೃಢೀಕರಿಸಿ ಕಳಿಸಲಿ. ಅದು ಇಲ್ಲಿಗೆ ತಲುಪಿದ 3 ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಮರೆಯುವುದು ಇದನ್ನೇ. ಇಡೀ ಮನೆಯನ್ನೇ ಅಧಿಕಾರಪತ್ರದ ಮೇಲೆ ಕೊಟ್ಟುಬಿಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಮಾರಾಟವೇ ಅಲ್ಲ ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿಯಾಗಿದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ. ಒಂಬತ್ತು ಜನರಲ್ಲಿ ಯಾರಿಗಾದರೂ ಈ ಮನೆ ಬೇಕೇ ಎಂದು ಕೇಳಿದ್ದೀರಾ? ಒಬ್ಬರಿಂದ ಒಟ್ಟಿಗೆ ಬಂದ ಆಸ್ತಿಯಲ್ಲಿ ಒಬ್ಬ ವಾರಸುದಾರ ತನ್ನ ಪಾಲು ಮಾರಲು ಹೊರಟರೆ ಜೊತೆಯ ವಾರಸುದಾರರಿಗೆ ಅದನ್ನು ಮೊದಲು ಕೊಳ್ಳುವ ಹಕ್ಕನ್ನು ಕಾಯ್ದೆಯೇ ಕೊಟ್ಟಿದೆ. ಪಾಲಾಗದ ವಾಸದ ಮನೆಯ ಒಂದು ಭಾಗವನ್ನಷ್ಟೇ ಹೊರಗಿನವರು ಕೊಂಡರೆ ಒಳಗೆ ಬಂದು ಕುಟುಂಬದ ಜೊತೆ ಕೂರುವ ಹಕ್ಕು ಅವರಿಗೆ ಸಿಗುವುದಿಲ್ಲ. ಅವರು ಪಾಲಿಗೆ ದಾವೆ ಹಾಕಿದರೆ, 1893ರ ವಿಭಜನಾ ಕಾಯ್ದೆಯ ಪ್ರಕಾರ ಕುಟುಂಬದವರು ಆ ಪಾಲನ್ನು ಕೋರ್ಟು ಕಟ್ಟಿದ ಬೆಲೆಗೆ ವಾಪಸ್ ಕೊಳ್ಳಬಹುದು. ಕೇಳಿ ನೋಡಿ. ಸುಮ್ಮನೆ ಕೂತ ತಂಗಿಗೇ ಮನೆ ಬೇಕಿರಬಹುದು.

ಕಾಗದಪತ್ರದ ವಿಷಯ ಚುಟುಕಾಗಿ ಹೇಳುತ್ತೇನೆ, ಇದು ಓಡಾಟದ ಕೆಲಸ, ಕಷ್ಟದ್ದಲ್ಲ. ಇಬ್ಬರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅಲ್ಲಿಂದ ಅಜ್ಜನ ಹೆಸರಿನಿಂದ ನಿಮ್ಮೆಲ್ಲರ ಹೆಸರಿಗೆ ವಾರಸಾ ಖಾತೆ. ಈಗ ಇ-ಖಾತೆ ಇಲ್ಲದೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದಿಲ್ಲ. ಊರು ಪಂಚಾಯಿತಿಗೆ ಸೇರಿದ್ದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣ ಪಂಚಾಯಿತಿ ಅಥವಾ ಪುರಸಭೆಯಾದರೆ ಇ-ಆಸ್ತಿಯ ನಮೂನೆ. ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ 2004ರ ಏಪ್ರಿಲ್‌ನಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದು ಬೇಕೆಂದರೆ ಕಚೇರಿಯ ಹಳೆ ಪುಸ್ತಕ ತೆರೆಸಬೇಕು. ತೆರೆಸಿ. ಅಜ್ಜ ಯಾವ ಕಾಲದಲ್ಲೋ ಸಹಕಾರ ಸಂಘಕ್ಕೆ ಮನೆ ಅಡವಿಟ್ಟು ತೀರಿಸಿದ ಸಾಲ ಅಲ್ಲಿ ಇನ್ನೂ ಹಾಗೇ ಕೂತಿರುತ್ತದೆ. ನೋಡಲೇಬೇಕಾದ್ದು ಇನ್ನೊಂದಿದೆ: 12 ಗುಂಟೆಯೂ ಮನೆಯ ಖಾತೆಯಲ್ಲಿದೆಯೇ, ಅಥವಾ ಹಿತ್ತಲಿಗೆ ಬೇರೆ ಸರ್ವೆ ನಂಬರು, ಬೇರೆ ಪಹಣಿ ಇದೆಯೇ? ಪಹಣಿ ಇದ್ದರೆ ಕಾಗದದಲ್ಲಿ ಅದು ಕೃಷಿಭೂಮಿ, ಮನೆಯ ಜೊತೆ ಒಂದೇ ಏಟಿಗೆ ಹೋಗುವುದಿಲ್ಲ. ಆ ನಂಬರಿನ ಒಂದು ತುಂಡು ಮಾತ್ರ ಕೊಡುವುದಾದರೆ ಆ ತುಂಡನ್ನು ಅಳೆದು ಗುರುತಿಸುವ 11ಇ ನಕ್ಷೆಯೂ ಬೇಕು.

ಈಗ ಸೂರು. ನೀವು ಕೇಳಿದ ಸುಣ್ಣಬಣ್ಣಕ್ಕೆ ನನ್ನ ಉತ್ತರ: ಸುಣ್ಣ ಹೊಡೆಸಿ, ಬಣ್ಣ ಬೇಡವೇ ಬೇಡ. ಮಾರುವ ಉತ್ಸಾಹದಲ್ಲಿ ಜನ ಮಾಡುವ ಅನಾಹುತ ಮೂರು ಬಗೆಯದು. ಕಂಬಗಳಿಗೆ ಕಂದು ಆಯಿಲ್ ಪೇಂಟ್ ಬಳಿಯುತ್ತಾರೆ. ಕೆತ್ತನೆಯ ಸಂದು ತುಂಬಿಹೋಗುತ್ತದೆ, ಯಾವ ಮರ ಎಂದು ಗುರುತೇ ಸಿಗದ ಹಾಗಾಗುತ್ತದೆ, ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನವೂ ಬರುತ್ತದೆ. ಎರಡನೆಯದು ಕಾವಿ ನೆಲ ಒಡೆದು ಟೈಲ್ಸ್ ಹಾಕಿಸುವುದು. ಮೂರನೆಯದೇ ಎಲ್ಲಕ್ಕಿಂತ ಕೆಟ್ಟದ್ದು, ಉದುರಿದ ಗೋಡೆಗೆ ಸಿಮೆಂಟು ಗಿಲಾವು. ಮಣ್ಣಿನ ಗೋಡೆ, ಕೆಂಪುಕಲ್ಲಿನ ಗೋಡೆ ನೆಲದಿಂದ ನೀರು ಹೀರುತ್ತವೆ. ಮಳೆಗಾಲದಲ್ಲಿ ಹೀರಿದ್ದನ್ನು ಬೇಸಿಗೆಯಲ್ಲಿ ಸುಣ್ಣದ ಗಾರೆಯ ಮೂಲಕ ಹೊರಗೆ ಬಿಡುತ್ತವೆ. ಸಿಮೆಂಟು ಬಳಿದರೆ ಆ ದಾರಿ ಮುಚ್ಚಿ ನೀರು ಗೋಡೆಯೊಳಗೇ ಮೇಲೇರುತ್ತದೆ. ಮೊದಲು ಮೂರಡಿಗಿದ್ದ ತೇವ ಎರಡು ವರ್ಷದಲ್ಲಿ ಕಿಟಕಿಯ ಮಟ್ಟಕ್ಕೆ ಬರುತ್ತದೆ, ಅಲ್ಲಿಂದ ಬಾಗಿಲುವಾಡಕ್ಕೆ ಒರಲೆ ಹತ್ತುತ್ತದೆ. ಆಮೇಲೆ ಒಂದು ದಿನ ಸಿಮೆಂಟು ಹಪ್ಪಳದ ಹಾಗೆ ಹಾಳೆಯಾಗಿ ಬೀಳುತ್ತದೆ, ಬೀಳುವಾಗ ಒಳಗಿನ ಮಣ್ಣನ್ನೂ ಕಿತ್ತುಕೊಂಡೇ ಬೀಳುತ್ತದೆ.

ನೀವು ಕಳಿಸಿದ ಫೋಟೊದಲ್ಲಿ ಒಳ ಅಂಗಳದ ಈಶಾನ್ಯ ಮೂಲೆ ನೋಡಿದೆ. ಎರಡು ಇಳಿಜಾರು ಬಂದು ಸೇರುವ ಕಡೆ ತಗಡಿನ ದೋಣಿ ತುಕ್ಕು ಹಿಡಿದು ತೂತಾಗಿದೆ, ಕೆಳಗಿನ ಕಂಬದ ಬೋದಿಗೆಯ ಮೇಲೆ ಕಪ್ಪು ಕಲೆ ಹರಿದಿದೆ. ಚೌಕಿಮನೆ ಸಾಯಲು ಶುರುವಾಗುವುದು ಯಾವಾಗಲೂ ಈ ನಾಲ್ಕು ಮೂಲೆಗಳಿಂದ, ಎರಡು ಇಳಿಜಾರಿನ ಮಳೆನೀರು ಅಲ್ಲೇ ಒಟ್ಟಾಗಿ ಹಾದು ಹೋಗುವುದರಿಂದ. ಬೇರೇನೂ ಮಾಡಿಸದಿದ್ದರೂ ಸರಿ, ಮೇ ತಿಂಗಳೊಳಗೆ ಆ ನಾಲ್ಕು ದೋಣಿ ಬದಲಿಸಿ, ಇಡೀ ಮಾಡಿನ ಹೆಂಚು ಒಮ್ಮೆ ಕೈಯಾಡಿಸಿ, ಒಡೆದವನ್ನು ತೆಗೆಸಿ. ಸೂರಿನ ನೀರು ಬಿದ್ದು ಗೋಡೆಯ ಬುಡ ಕೊರೆದಿರುವ ಕಡೆ ಚರಂಡಿ ಬಿಡಿಸಿ. ಗೋಡೆಗೆ ಅಂಟಿಸಿ ಪೇರಿಸಿಟ್ಟ ಹಳೆ ಸೌದೆ, ಅಡಿಕೆ ಹಾಳೆ ಎಲ್ಲ ದೂರ ಎಸೆಯಿರಿ, ಒರಲೆಗೆ ಅದೇ ಏಣಿ. ವಾರಕ್ಕೊಮ್ಮೆ ಎಲ್ಲ ಬಾಗಿಲು ಕಿಟಕಿ ತೆಗೆದು ಗಾಳಿಯಾಡಿಸಲು, ಅಡುಗೆಮನೆಯಲ್ಲಿ ಒಂದಿಷ್ಟು ಬೆಂಕಿ ಹಾಕಲು ದೀಪ ಹಚ್ಚುವ ಪಕ್ಕದ ಮನೆಯವರನ್ನೇ ಕೇಳಿ. ಅವರಿಗೆ ಏನಾದರೂ ಕೊಡಿ, ಇಷ್ಟು ದಿನ ಕೊಟ್ಟಿಲ್ಲ ಅನ್ನಿಸುತ್ತದೆ. ಈ ಖರ್ಚೆಲ್ಲ ಸೇರಿಸಿದರೂ ಸಿಮೆಂಟು, ಪೇಂಟು, ಟೈಲ್ಸಿನ ಕಾಲು ಭಾಗಕ್ಕೂ ಬರುವುದಿಲ್ಲ. ಮನೆ ನೋಡಲು ಬಂದವರಿಗೆ ಜಡಿಮಳೆಯ ದಿನವೇ ಮನೆ ತೋರಿಸುವ ಧೈರ್ಯ ಮಾತ್ರ ನಿಮಗೆ ಬರುತ್ತದೆ. ಸೋರದ ಮನೆಯನ್ನು ಜುಲೈನಲ್ಲಿ ತೋರಿಸುವುದಕ್ಕಿಂತ ದೊಡ್ಡ ಜಾಹೀರಾತು ನನಗೆ ಗೊತ್ತಿಲ್ಲ.

ಮನೆಯ ವಯಸ್ಸಿನ ವಿಷಯ. ಹಳೆ ಮನೆಯವರೆಲ್ಲ ಒಂದೋ ನೂರು ಅನ್ನುತ್ತಾರೆ, ಇಲ್ಲ ಇನ್ನೂರು. ಕೊಳ್ಳುವವರಿಗೆ ಹೇಳುವ ಮೊದಲು ನೀವೇ ಪರೀಕ್ಷಿಸಿ. ಹೆಂಚು ಕೈಯಾಡಿಸುವಾಗ ಒಂದನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು ಇರುತ್ತದೆ, ಕೆಲವುದರಲ್ಲಿ ವರ್ಷವೂ. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಶುರುಮಾಡಿದ್ದು 1865ರಲ್ಲಿ, ಹಾಗಾಗಿ ಆ ಹೆಂಚು ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಮನೆ ಹೆಂಚಿಗಿಂತ ಹಳೆಯದಾಗಿರಬಹುದು. ಅಟ್ಟಕ್ಕೆ ಟಾರ್ಚು ಹಿಡಿದು ಹತ್ತಿ. ಮಂಗಳೂರು ಹೆಂಚಿಗೆ ರೀಪುಗಳು (ಹೆಂಚು ಕೂರುವ ಅಡ್ಡಪಟ್ಟಿಗಳು) ಸುಮಾರು ಅಡಿಗೊಂದರಂತೆ ಇರುತ್ತವೆ. ಪಕಾಸಿಗಳು ಒತ್ತೊತ್ತಾಗಿದ್ದು, ಅವುಗಳ ಮೇಲೆ ಈಗ ಉಪಯೋಗವಿಲ್ಲದ ಹಳೆ ಮೊಳೆ ತೂತು, ಅಡಿಕೆ ದಬ್ಬೆ ಕಟ್ಟಿದ ಗುರುತು ಕಂಡರೆ, ಮೊದಲು ನಾಡಹೆಂಚೋ ಹುಲ್ಲೋ ಇದ್ದು ಆಮೇಲೆ ಈ ಹೆಂಚು ಬಂದಿದೆ ಎಂದರ್ಥ. ಇಂಥ ಹತ್ತು ಫೋಟೊ, ಒಂದು ಅಳತೆಯ ನಕ್ಷೆ ಇಟ್ಟುಕೊಂಡರೆ 'ಇನ್ನೂರು ವರ್ಷದ ಮನೆ' ಎಂಬ ಬಾಯಿಮಾತಿಗಿಂತ ಹೆಚ್ಚು ತೂಗುತ್ತದೆ. ವಾಸ್ತುಶಿಲ್ಪ ಕಾಲೇಜುಗಳ ಹುಡುಗರು ಇಂಥ ಮನೆ ಅಳೆಯಲು ಖುಷಿಯಿಂದ ಬರುತ್ತಾರೆ.

ವಯಸ್ಸಿಗೂ ಬೆಲೆಗೂ ನೇರ ಸಂಬಂಧವಿಲ್ಲ ಎಂಬುದೂ ತಿಳಿದಿರಲಿ. ನೋಂದಣಿಗೆಂದು ಸರ್ಕಾರ ಕಟ್ಟುವ ಮಾರ್ಗಸೂಚಿ ಬೆಲೆಯಲ್ಲಿ ಕಟ್ಟಡಕ್ಕೆ ವಯಸ್ಸಾದಷ್ಟೂ ಸವಕಳಿ. ಬ್ಯಾಂಕಿನ ಮೌಲ್ಯಮಾಪಕರೂ ಮಣ್ಣಿನ ಗೋಡೆ ಎಂದರೆ ಮೂಗು ಮುರಿಯುತ್ತಾರೆ, ಹಾಗಾಗಿ ಕೊಳ್ಳುವವರಿಗೆ ಸಾಲ ಜಾಗದ ಲೆಕ್ಕದಲ್ಲೇ ಸಿಗುತ್ತದೆ. ನಿಮ್ಮ ದಂಪತಿ ಸುಮ್ಮನಾಗಿದ್ದಕ್ಕೆ ಇದೂ ಒಂದು ಕಾರಣ ಇದ್ದೀತು. ಅವರಿಗೆ ಹಣ ಹೊಂದಿಸಲು ಸಮಯ ಕೊಟ್ಟರೆ ಮರಳಿ ಬರಬಹುದು. ನಾನಾದರೆ ಜಾಗದ ಬೆಲೆಯನ್ನು ತಳ ಎಂದಿಟ್ಟುಕೊಂಡು, ಮರದ ಪಟ್ಟಿಯ ಮೊತ್ತವನ್ನು ಅದರ ಮೇಲೆ ಕೂಡಿಸಿ, ಇಷ್ಟಕ್ಕಿಂತ ಕೆಳಗೆ ಮನೆ ಕೊಡುವುದಿಲ್ಲ ಎಂದು ನಿಲ್ಲುತ್ತೇನೆ. ದುರಸ್ತಿಗೆ ಬೀಳುವ ಖರ್ಚನ್ನು ಅದರಲ್ಲಿ ಕಳೆಯಿರಿ ಎಂದು ಅವರು ಕೇಳುವುದು ನ್ಯಾಯವೇ. ಮೇಲಿನ ನಾಲ್ಕು ದೋಣಿಯ ಕೆಲಸ ಅಲ್ಲಿ ನಿಮ್ಮ ಕೈಹಿಡಿಯುತ್ತದೆ.

'ಐತಿಹಾಸಿಕ ಮನೆ' ಎಂದಾಕ್ಷಣ ಸರ್ಕಾರ ಬಂದು ತಡೆಯುತ್ತದೆ ಎಂಬ ಭಯವೂ ಬೇಡ, ಸರ್ಕಾರ ಕಾಪಾಡುತ್ತದೆ ಎಂಬ ಆಸೆಯೂ ಬೇಡ. ಪಾರಂಪರಿಕ ಕಟ್ಟಡಗಳ ಉಳಿವಿಗೆ ಕೆಲಸ ಮಾಡುವ, 1984ರಲ್ಲಿ ಶುರುವಾದ ಇಂಟ್ಯಾಕ್‌ನಂಥ ಸಂಸ್ಥೆ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡರೂ ಅದರಿಂದ ಕಾನೂನಿನ ರಕ್ಷಣೆ ಬರುವುದಿಲ್ಲ, ಒಳ್ಳೆಯ ಸಲಹೆ ಸಿಗಬಹುದು. ನೋಡಬೇಕಾದ್ದು ಅಕ್ಕಪಕ್ಕ. ಇಕ್ಕೇರಿ, ಬನವಾಸಿ, ಬೇಲೂರಿನಲ್ಲಿರುವಂಥ ಕೇಂದ್ರ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಮನೆ ಇದ್ದರೆ ಹೊಸ ಕಟ್ಟಡ ಕಟ್ಟುವಂತಿಲ್ಲ, ದುರಸ್ತಿಗೂ ಅನುಮತಿ ಬೇಕು. ಅಲ್ಲಿಂದಾಚೆ ಇನ್ನು 200 ಮೀಟರು ನಿಯಂತ್ರಿತ ವಲಯ. ಹೊಸದು ಕಟ್ಟಲು ಜಾಗ ಹುಡುಕುವವರು ಅಂಥ ಕಡೆಯಿಂದ ತಾವಾಗಿಯೇ ಹಿಂದೆ ಸರಿಯುತ್ತಾರೆ. ಇದ್ದ ಮನೆಯನ್ನೇ ಉಳಿಸಿಕೊಳ್ಳುವವರಿಗೆ ಅದು ಅಂಥ ತೊಡಕಲ್ಲ.

ಕೆಡವಬಾರದು ಎಂದು ಕ್ರಯಪತ್ರದಲ್ಲಿ ಬರೆಸಬಹುದೇ? ಬರೆಸಬಹುದು, ನಿಲ್ಲುವುದು ಕಷ್ಟ. ಪೂರ್ತಿ ಹಕ್ಕು ಮಾರಿದ ಮೇಲೆ 'ಹೀಗೇ ಅನುಭವಿಸಬೇಕು' ಎಂದು ಹಾಕುವ ಷರತ್ತಿಗೆ ಬೆಲೆ ಇಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಅದರಲ್ಲೇ ಒಂದು ಕಿಂಡಿ ಇದೆ. ಪಕ್ಕದ ತುಂಡು ನಿಮ್ಮದಾಗಿ ಉಳಿದಿದ್ದು, ಅದರ ಒಳ್ಳೆಯ ಅನುಭೋಗಕ್ಕಾಗಿ ಹಾಕಿದ ಷರತ್ತಾದರೆ ಅದಕ್ಕೆ ಬಲವಿದೆ. ಹಿತ್ತಲಿನ ಚೌಡಿ ಬನವೋ ನಾಗರಕಲ್ಲೋ ಇರುವ ಅರ್ಧ ಗುಂಟೆಯನ್ನು ಹಲವು ಕುಟುಂಬಗಳು ಮಾರದೆ ತಮ್ಮಲ್ಲೇ ಇಟ್ಟುಕೊಳ್ಳುತ್ತವೆ, ಅಲ್ಲಿಗೆ ನಡೆದು ಹೋಗುವ ದಾರಿಯ ಹಕ್ಕನ್ನು ಚೆಕ್ಕುಬಂದಿಯ ಸಮೇತ ಕ್ರಯಪತ್ರದಲ್ಲಿ ಕಾಣಿಸುತ್ತವೆ. ನೀವು ಹಾಗೆ ಇಟ್ಟುಕೊಳ್ಳುವುದಾದರೆ ವಕೀಲರ ಜೊತೆ ಈ ಕಿಂಡಿಯ ಬಗ್ಗೆಯೂ ಮಾತಾಡಿ. ಕೆಡವಬಾರದು ಎಂಬುದೇ ನಿಮಗೆ ಮುಖ್ಯವಾಗಿದ್ದರೆ ಮಾರಬೇಡಿ, ಆ ದಂಪತಿಗೆ ಹತ್ತಿಪ್ಪತ್ತು ವರ್ಷದ ನೋಂದಾಯಿತ ಲೀಸಿಗೆ ಕೊಡಿ. ದುರಸ್ತಿ ಅವರದು, ಬಾಡಿಗೆ ಕಡಿಮೆ, ಒಡೆತನ ನಿಮ್ಮದು. ಒಂಬತ್ತು ಜನರಲ್ಲಿ ಯಾರಿಗೂ ದುಡ್ಡಿನ ತುರ್ತು ಇಲ್ಲದಿದ್ದರೆ ನನ್ನ ಓಟು ಅದಕ್ಕೇ.

ಅಟ್ಟದ ಪೆಟ್ಟಿಗೆಗಳನ್ನು ಮನೆಯ ಜೊತೆ ಕೊಟ್ಟುಬಿಡಬೇಡಿ. ಕಪ್ಪು ಬಟ್ಟೆಯನ್ನು ಮಡಿಕೆ ಮಾಡಿದ ಪುಸ್ತಕದಂಥದ್ದು ಸಿಕ್ಕರೆ ಅದು ಕಡತ. ಹುಣಸೆಬೀಜದ ಅಂಟು, ಇದ್ದಿಲಪುಡಿ ಹಚ್ಚಿದ ಬಟ್ಟೆಯ ಮೇಲೆ ಬಳಪದಲ್ಲಿ ಬರೆದ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಒಂದೇ ಏಟಿಗೆ ಇನ್ನೂರು ವರ್ಷ ಅಳಿಸಿಹೋಗುತ್ತದೆ, ಜೋಕೆ. ನಿಮ್ಮ ಸೀಮೆಯಲ್ಲೇ ಕೆಳದಿಯ ವಸ್ತುಸಂಗ್ರಹಾಲಯ ಇದೆ, ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಓಲೆಗರಿ, ಕಡತ ಎಲ್ಲ ಮೊದಲು ಅಲ್ಲಿ ತೋರಿಸಿ. ನೂರು ವರ್ಷ ದಾಟಿದ ವಿಗ್ರಹ, ಕೆತ್ತನೆ, 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿ 1972ರ ಪುರಾವಸ್ತು ಕಾಯ್ದೆಯ ಕೆಳಗೆ ಬರುತ್ತವೆ. ನಿಮ್ಮ ತಮ್ಮ ನೆನಪಿಗೆಂದು ದೇವರ ಹಳೆ ವಿಗ್ರಹವನ್ನು ಅಮೆರಿಕಕ್ಕೆ ಒಯ್ಯುತ್ತೇನೆ ಎಂದರೆ ಬೇಡವೆನ್ನಿ, ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.

ತೆರಿಗೆ ಒಬ್ಬೊಬ್ಬರದೂ ಬೇರೆ ಬೇರೆ. ಪಿತ್ರಾರ್ಜಿತ ಮನೆಗೆ ಕೊಂಡ ಬೆಲೆ ಇಲ್ಲವಾದ್ದರಿಂದ 2001ರ ಏಪ್ರಿಲ್ 1ರಂದು ಅದರ ಬೆಲೆ ಎಷ್ಟಿತ್ತು ಎಂಬುದನ್ನು ಮೂಲವಾಗಿ ಹಿಡಿಯಬಹುದು, ಆಗಿನ ಮಾರ್ಗಸೂಚಿ ಬೆಲೆಯನ್ನು ಅದು ಮೀರುವಂತಿಲ್ಲ. ಲಾಭದ ಮೇಲೆ ಶೇ. 12.5, ಅಥವಾ ಹಣದುಬ್ಬರದ ಲೆಕ್ಕ ಹಿಡಿದು ಶೇ. 20, ಎರಡರಲ್ಲಿ ಯಾವುದು ಕಡಿಮೆಯೋ ಅದು. ಎರಡನೆಯ ಆಯ್ಕೆ ಇಲ್ಲಿ ನೆಲೆಸಿದವರಿಗೆ ಮಾತ್ರ, ನಿಮ್ಮ ತಮ್ಮನಿಗಿಲ್ಲ. ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ನಿಮ್ಮ ಪಾಲುಗಳಲ್ಲಿ ಶೇ. 1 ಹಿಡಿದು ಸರ್ಕಾರಕ್ಕೆ ಕಟ್ಟುತ್ತಾರೆ. ತಮ್ಮನ ಪಾಲಿನಲ್ಲಿ ಇದಕ್ಕಿಂತ ಬಹಳ ಹೆಚ್ಚು ಹಿಡಿಯಬೇಕಾಗುತ್ತದೆ, 50 ಲಕ್ಷದ ಮಿತಿಯೂ ಅವನಿಗೆ ಅನ್ವಯಿಸುವುದಿಲ್ಲ. ಕಡಿಮೆ ಹಿಡಿಯಲು ಪ್ರಮಾಣಪತ್ರ ಬೇಕೆಂದು ಅವನು ಮೊದಲೇ ಅರ್ಜಿ ಹಾಕಲಿ. ಮುದ್ರಾಂಕ ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ತೋರಿಸೋಣ ಎಂದು ಕೊಳ್ಳುವವರು ಕೇಳಿದರೆ, ಶುಲ್ಕ ಶೇ. 5, ನೋಂದಣಿ 2025ರ ಆಗಸ್ಟ್ ಕೊನೆಯಿಂದ ಶೇ. 2, ಅದು ಅವರ ಖರ್ಚು, ಅದರ ಅಪಾಯ ಮಾತ್ರ ನಿಮ್ಮ ತಲೆಗೆ ಎಂದು ನೆನಪಿಸಿಕೊಳ್ಳಿ.

ಇಷ್ಟೆಲ್ಲಕ್ಕೂ ಮೊದಲು, ಈ ವಾರವೇ, ಅಣ್ಣ ತೆಗೆದುಕೊಂಡ ಮುಂಗಡದ ಕೆಲಸ ಮುಗಿಸಿ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡಷ್ಟೇ ಮೊತ್ತ ದಂಡ ಬೀಳಬಹುದು. ಅದಕ್ಕಿಂತ ದೊಡ್ಡ ತಲೆನೋವು ಆ ಬಿಳಿ ಹಾಳೆ. ಅಣ್ಣನ ಸಹಿಯಿಂದ ಇಡೀ ಮನೆ ಹೋಗುವುದಿಲ್ಲ ನಿಜ, ಅವನ ಪಾಲಿನ ಮಟ್ಟಿಗೆ ಅದನ್ನೇ ಹಿಡಿದು ಕೋರ್ಟಿಗೆ ಹೋಗಿ ಮಾರಾಟಕ್ಕೆ ತಡೆ ತರಲು ಯಾರಿಗಾದರೂ ಸಾಕು. ಹಣವನ್ನು ಬ್ಯಾಂಕಿನ ಮೂಲಕವೇ ವಾಪಸ್ ಮಾಡಿ, ಏಕೆಂದರೆ ಹಿಂದಿರುಗಿಸುವಾಗಲೂ ನಗದು ಕೊಡುವಂತಿಲ್ಲ. ಮಾತುಕತೆ ರದ್ದಾಗಿದೆ, ಬಾಕಿ ಏನೂ ಇಲ್ಲ ಎಂದು ಅವರಿಂದ ಬರೆಸಿಕೊಂಡು, ಮೂಲ ಹಾಳೆಯನ್ನು ಕೈಗೆ ತೆಗೆದುಕೊಳ್ಳಿ. ಜೆರಾಕ್ಸ್ ಕೊಟ್ಟು ಮೂಲ ಕಳೆದಿದೆ ಎಂದರೆ ಅದನ್ನೂ ಬರೆದು ಸಹಿ ಹಾಕಿಕೊಡಲು ಹೇಳಿ. ಅಣ್ಣನ ಮೇಲೆ ರೇಗಬೇಡಿ, ಒಂಬತ್ತು ಸಹಿಗಳಲ್ಲಿ ಅವನದೂ ಒಂದು.